ಸೆಲ್ಮೊನ ಎರಡು ಬೆರಳು

ಅನ್ಸೆಲ್ಮೊ ತಾಮೊಂದೊಂಗ್, ನಮ್ಮೆಲ್ಲರ ಸೆಲ್ಮೊ, ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನದನ್ನು ಕೇಳಿ ನಿಮಗೆ ಅವನ ಮೇಲೆ ಸಿಟ್ಟು ಬರಬಹುದು. ನನಗೂ ಬಂದಿತ್ತು. ಈಗ ಅದು ಇಳಿದಿದೆಯೋ ಇಲ್ಲವೋ, ಯಾರಾದರೂ ಕೇಳಿದರೆ ಸರಿಯಾಗಿ ಹೇಳಲಾರೆ.

ನಾವಿಬ್ಬರೂ ಪಂಗಸಿನಾನ್ ಕರಾವಳಿಯ ಒಂದು ಪುಟ್ಟ ವಿಮಾನ ಶಾಲೆಯಲ್ಲಿ ಹಾರಾಟ ಕಲಿಸುವವರು. ನಮ್ಮ ರನ್‌ವೇಯ ಒಂದು ಮಗ್ಗುಲಿಗೆ ಗದ್ದೆ, ಇನ್ನೊಂದು ಮಗ್ಗುಲಿಗೆ ಬಾಂಗುಸ್ ಮೀನು ಸಾಕುವ ಕೊಳಗಳು. ಸುಗ್ಗಿಯಲ್ಲಿ ಜನ ಟಾರಿನ ಅಂಚಿನಲ್ಲೇ ಭತ್ತ ಹರವುತ್ತಾರೆ, ನಾವು ಬೈದುಕೊಳ್ಳುತ್ತಲೇ ಅದರ ಪಕ್ಕದಲ್ಲಿ ಇಳಿಯುತ್ತೇವೆ. ನನ್ನ ಹೆಸರು ಪೆರ್ಲಾ. ನನ್ನ ಬಾಯಿ ಜೋರು. ಇಂಜಿನ್ನಿನ ಸದ್ದಿನಲ್ಲಿ ಜೋರಾಗಿ ಹೇಳದಿದ್ದರೆ ಹುಡುಗರಿಗೆ ಕೇಳುವುದು ಹೇಗೆ ಎಂದು ನಾನು ವಾದಿಸುತ್ತೇನೆ. ಕಿವಿಗೆ ಹೆಡ್‌ಫೋನ್ ಹಾಕಿರುತ್ತಾರಲ್ಲ ಎನ್ನುತ್ತಾನೆ ಸೆಲ್ಮೊ. ಹೊಸಬರೆಲ್ಲ ಅವನ ಹೆಸರಿಗೇ ಸಾಲು ನಿಲ್ಲುತ್ತಿದ್ದರು. ನನ್ನ ಪಾಲಿಗೆ ಬಂದವರು ಜಾತಕ ಸರಿಯಿಲ್ಲದವರ ಹಾಗೆ ಮುಖ ಮಾಡಿಕೊಂಡು ಬರುತ್ತಿದ್ದರು.

ನಾಲ್ಕು ಜನರ ಎದುರು ಒಬ್ಬರ ಮುಖ ಸಣ್ಣದಾಗುವುದನ್ನು ಸೆಲ್ಮೊ ನೋಡಲಾರ. ಹುಟ್ಟುಗುಣ. ಯಾರದಾದರೂ ಹುಟ್ಟುಹಬ್ಬಕ್ಕೆ, ಹಾಡಿದ್ದಕ್ಕೆ ಅಂಕ ಕೊಡುವ ವಿಡಿಯೊಕೆ ಪೆಟ್ಟಿಗೆ ಬಾಡಿಗೆಗೆ ತಂದು ಹಾಡಲು ಶುರುಮಾಡಿದರೆ, ಅವನು ಎರಡನೆಯ ಮೈಕು ಹಿಡಿದು ಮೂಲೆಯಲ್ಲಿ ಕೂರುತ್ತಾನೆ. ಕತ್ತೆಗೆ ಪೈಪೋಟಿ ಕೊಡುವಂಥ ಗಂಟಲಿನವರು ಹಾಡುವಾಗ ಅವನು ತಗ್ಗಿದ ದನಿಯಲ್ಲಿ ಸ್ವರ ಸೇರಿಸುತ್ತಾನೆ, ಪೆಟ್ಟಿಗೆ ತೊಂಬತ್ತರ ಮೇಲೆ ಅಂಕ ಕೊಡುತ್ತದೆ, ಹಾಡಿದವರು ಎದೆ ಉಬ್ಬಿಸಿಕೊಂಡು ಕೆಳಗಿಳಿಯುತ್ತಾರೆ. ದಿಬ್ಬ ಹತ್ತಲಾಗದೆ ಏದುಸಿರು ಬಿಡುವ ಟ್ರೈಸಿಕಲ್ಲನ್ನು ಹಿಂದಿನಿಂದ ತಳ್ಳಿ, ಓಡಿಸುವವನು ತಿರುಗಿ ನೋಡುವಷ್ಟರಲ್ಲಿ ಬೇರೆ ಕಡೆ ನಡೆದುಬಿಡುತ್ತಾನೆ. ಅವನ ಹೆಂಡತಿ ನೇಲಿಯಾ ಒಮ್ಮೆ ನನ್ನೆದುರು ನಕ್ಕು ಹೇಳಿದ್ದಳು: ಮದುವೆಯಾದ ಮೂರು ವರ್ಷ ತಾನು ಭಾರಿ ಅಡುಗೆಯವಳೆಂದೇ ನಂಬಿದ್ದಳಂತೆ. ಒಂದು ದಿನ ಹಿತ್ತಲಿನಿಂದ ಬೇಗ ಒಳಗೆ ಬಂದಾಗ ನೋಡಿದರೆ, ಗಂಡ ಅವಳ ಸಿನಿಗಾಂಗ್ ಸಾರಿಗೆ ಸದ್ದಿಲ್ಲದೆ ಹುಣಸೆ ಹಿಂಡುತ್ತಿದ್ದ.

ಈ ಗುಣ ಅಡುಗೆಮನೆಯಲ್ಲಿ ಚೆಂದ. ವಿಮಾನದೊಳಗೆ ಅದು ಏನು ಮಾಡುತ್ತದೆ ಎಂದು ನಾನು ಯೋಚಿಸಿಯೇ ಇರಲಿಲ್ಲ.

ಕಲಿಯುವ ವಿಮಾನದಲ್ಲಿ ಮುಂದೆ ಎರಡು ಚುಕ್ಕಾಣಿ ಇರುತ್ತವೆ, ಎಡಗಡೆ ಕಲಿಯುವವರಿಗೆ, ಬಲಗಡೆ ಕಲಿಸುವವರಿಗೆ. ಎರಡಕ್ಕೂ ಒಳಗೆ ಒಂದೇ ಕೊಂಡಿ. ಒಂದು ಅಲುಗಿದರೆ ಇನ್ನೊಂದೂ ಅಲುಗುತ್ತದೆ. ಯಾರ ಕೈ ಅಲುಗಿಸಿತು ಎಂದು ಚುಕ್ಕಾಣಿ ನೋಡಿ ಹೇಳಲಾಗದು. ಅದಕ್ಕೇ "ನಿನ್ನ ಕೈಗೆ ಕೊಟ್ಟೆ", "ನಾನು ತಗೊಂಡೆ" ಎಂದು ಬಾಯಿಬಿಟ್ಟು ಹೇಳುವ ಪದ್ಧತಿ ಇಟ್ಟಿದ್ದಾರೆ. ಸೆಲ್ಮೊ ಅದನ್ನು ತಪ್ಪದೆ ಹೇಳುತ್ತಿದ್ದ. ಹೇಳುವುದರಲ್ಲಿ ಯಾವ ಲೋಪವೂ ಇರಲಿಲ್ಲ.

ಒಂದು ದಿನ ಪಕ್ಕದ ಊರಿನ ರನ್‌ವೇಯಲ್ಲಿ ರಿಪೇರಿಗೆ ಬಿಟ್ಟಿದ್ದ ವಿಮಾನವೊಂದನ್ನು ನಾನು ತರಬೇಕಿತ್ತು. ಸೆಲ್ಮೊ ತನ್ನ ಶಿಷ್ಯೆಯ ಪಾಠದ ಜೊತೆಗೇ ನನ್ನನ್ನು ಅಲ್ಲಿ ಇಳಿಸುವುದೆಂದಾಯಿತು. ನಾನು ಹಿಂದಿನ ಸೀಟಿನಲ್ಲಿ ಚೀಲ ಮಡಿಲಲ್ಲಿಟ್ಟುಕೊಂಡು ಕುಳಿತೆ. ಶಿಷ್ಯೆ ಲೀಜೆಲ್ ಕಾಸಿಲಾಂಗ್, ಮೀನುಕೊಳದವರ ಮನೆಯ ಹುಡುಗಿ, ಚುರುಕು, ಮಾತು ಸ್ವಲ್ಪ ಜಾಸ್ತಿ. ಮುಂದಿನ ಶನಿವಾರ ಅವಳ ಸೋಲೊ. ಅಂದರೆ ಪಕ್ಕದಲ್ಲಿ ಯಾರೂ ಇಲ್ಲದೆ ಒಬ್ಬಳೇ ಮೇಲೇರಿ, ಒಂದು ಸುತ್ತು ಬಂದು, ಒಬ್ಬಳೇ ಇಳಿಯುವುದು. ಏರುವುದು ಯಾರಿಗಾದರೂ ಬಂದೀತು. ಇಳಿಯುವುದರಲ್ಲೇ ಇರುವುದು ಎಲ್ಲ.

ಅವಳು ಇಳಿಸಿದ್ದನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಇಳಿಯಿತು ವಿಮಾನ. ನನ್ನ ಹುಡುಗರು ಎಷ್ಟು ಬೈಸಿಕೊಂಡರೂ ಹೀಗೆ ಇಳಿಸುವುದಿಲ್ಲವಲ್ಲ ಎಂದುಕೊಳ್ಳುತ್ತ ಕಣ್ಣು ಬಲಕ್ಕೆ ಹೊರಳಿಸಿದೆ. ಸೆಲ್ಮೊನ ಎರಡು ಬೆರಳು ಅವನ ಕಡೆಯ ಚುಕ್ಕಾಣಿಯ ಕೆಳಗೆ ಇದ್ದವು. ಮಲಗಿದ ಮಗುವಿನ ಗಲ್ಲ ಹಿಡಿದಂತೆ ಹಿಡಿದಿದ್ದ. ಹುಡುಗಿ ನೇರ ಮುಂದೆ ನೋಡುತ್ತಿದ್ದಳು, ಅವಳಿಗೆ ಅದು ಕಾಣುವಂತಿರಲಿಲ್ಲ.

ಮಧ್ಯಾಹ್ನ ಅವನು ಕ್ಯಾಂಟೀನಿನಲ್ಲಿ ಒಬ್ಬನೇ ಸಿಕ್ಕಾಗ ಎದುರು ಹೋಗಿ ಕುಳಿತೆ.

"ಕುಯಾ, ಬೆಳಿಗ್ಗೆ ವಿಮಾನ ಇಳ್ಸಿದ್ದು ಯಾರು?" ಎಂದೆ. ವಯಸ್ಸಿನಲ್ಲಿ ಹಿರಿಯ, ಹಾಗಾಗಿ ಅವನು ನನಗೆ ಕುಯಾ, ಅಣ್ಣ.

"ಲೀಜೆಲ್."

"ಮತ್ತೆ ನಿನ್ ಬೆರಳು ಅಲ್ಲೇನ್ ಮಾಡ್ತಿತ್ತು?"

ಅವನು ಕಾಫಿಯ ಲೋಟ ಕೆಳಗಿಟ್ಟು ತನ್ನ ಬಲಗೈಯನ್ನು ನೋಡಿದ. ಬೇರೆ ಯಾರೋ ಅಲ್ಲಿ ಮರೆತು ಹೋದ ಕೈಯನ್ನು ನೋಡುವ ಹಾಗೆ ನೋಡಿದ. ಮುಟ್ಟಿಲ್ಲ ಎಂದ. ಮುಟ್ಟಿದ್ದೀಯ ಎಂದೆ. ಕೈ ತೊಡೆಯ ಮೇಲಿತ್ತು ಎಂದ. ನನ್ನ ಕಣ್ಣು ನನ್ನ ತಲೆಯಲ್ಲೇ ಇತ್ತು ಎಂದು ನಾನೂ ಬಿಡಲಿಲ್ಲ. ಸುಳ್ಳು ಹೇಳುವವರ ಮುಖ ನನಗೆ ಗೊತ್ತು, ದಿನಕ್ಕೆ ಮೂವರಾದರೂ ನಿನ್ನೆ ಪಾಠ ಓದಿದೆವು ಎಂದು ನನಗೆ ಹೇಳುತ್ತಾರೆ. ಇವನ ಮುಖ ಅಂಥದ್ದಲ್ಲ. ಇವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅದೇ ನನ್ನನ್ನು ಕಂಗಾಲು ಮಾಡಿತು. ಬೇಕೆಂದೇ ಮಾಡಿದ್ದರೆ ಬೈದು ಬಿಡಿಸಬಹುದಿತ್ತು.

ಅವನ ತಲೆಗೆ ಹುಳ ಬಿಟ್ಟವಳು ನಾನೇ. ಮರುದಿನದಿಂದ ಅವನು ಕಲಿಸುವ ರೀತಿಯೇ ಕೆಟ್ಟಿತು. ಒಮ್ಮೆ ಎರಡೂ ಕೈಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಕೂತ, ಶಿಷ್ಯ ಚಳಿಯಾಗುತ್ತಿದೆಯಾ ಸರ್ ಎಂದು ಕೇಳಿದನಂತೆ. ಇನ್ನೊಮ್ಮೆ ಕೈಯನ್ನು ನೋಡುತ್ತ ಕೂತು, ಎದುರಿಗೆ ಬಂದ ಕೊಕ್ಕರೆಗಳ ಹಿಂಡನ್ನೇ ನೋಡಲಿಲ್ಲ. ಮೇಲಿಂದ ಇಳಿದವನೇ ನನ್ನ ಹತ್ತಿರ ಬಂದು, ಇವತ್ತು ಮುಟ್ಟಲಿಲ್ಲ ಅಂದುಕೊಂಡಿದ್ದೇನೆ ಎನ್ನುತ್ತಿದ್ದ. ಅಂದುಕೊಂಡಿದ್ದೀಯೋ, ಮುಟ್ಟಲಿಲ್ಲವೋ? ಅದು ಗೊತ್ತಿಲ್ಲ ಎನ್ನುತ್ತಿದ್ದ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಬೇಡ ಎಂದು ರೇಗಿದರೆ, ದೀಪ ಎಲ್ಲಿ ಇಡಬೇಕು ನೀನೇ ಹೇಳು ಎಂಬಂತೆ ನಿಲ್ಲುತ್ತಿದ್ದ.

ಲೀಜೆಲ್‌ಳ ಸೋಲೊ ಮುಂದಕ್ಕೆ ಹಾಕು ಎಂದೆ. ಆ ಹುಡುಗಿಗೆ ಇಳಿಸಲು ಬರುತ್ತದೋ ಇಲ್ಲವೋ ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ, ಅವಳಿಗಂತೂ ಮೊದಲೇ ಗೊತ್ತಿಲ್ಲ, ಹೀಗಿರುವಾಗ ಒಬ್ಬಳನ್ನೇ ಕಳಿಸಿದರೆ ಸಾಯುತ್ತಾಳೆ ಎಂದೂ ಹೇಳಿದೆ. ಅವನು ಒಪ್ಪಿದ. ಒಪ್ಪಿಕೊಂಡೇ, ಮೆಲ್ಲಗೆ, ಅವರ ಮನೆಯಲ್ಲಿ ಹಂದಿಗೆ ಹೇಳಿಬಿಟ್ಟಿದ್ದಾರಲ್ಲ ಎಂದ.

ಇದು ನಮ್ಮವರ ರೋಗ. ಸೋಲೊ ಹಾರುವ ದಿನವನ್ನು ಗಾಳಿ ನೋಡಿ ಇಡಬೇಕು, ಕಲಿತವರ ಕೈ ನೋಡಿ ಇಡಬೇಕು. ನಮ್ಮ ಶಾಲೆಯಲ್ಲಿ ಹಂದಿ ನೋಡಿ ಇಡುತ್ತಾರೆ. ಮಗಳು ಒಬ್ಬಳೇ ಹಾರುತ್ತಾಳೆಂದರೆ ಇಡೀ ಬಳಗ ಬರಬೇಕು, ಬಳಗ ಬಂದರೆ ಲೆಚೋನ್ ಆಗಬೇಕು, ಇಡೀ ಹಂದಿಯನ್ನು ಕೆಂಡದ ಮೇಲೆ ತಿರುಗಿಸಿ ಸುಡುವವನು ಹದಿನೈದು ದಿನ ಮೊದಲೇ ಹೇಳದಿದ್ದರೆ ಸಿಗುವುದಿಲ್ಲ. ಒಮ್ಮೆ ಅವನಿಗೆ ಹೇಳಿಯಾಯಿತೆಂದರೆ ಆ ದಿನ ಬಿರುಗಾಳಿ ಬಂದರೂ ಹಾರಬೇಕು. ಲೀಜೆಲ್‌ಳ ಅಜ್ಜಿ ಲೋಲಾ ಪಾಸಿಂಗ್ ಮೊಮ್ಮಗಳ ಸುದ್ದಿಯನ್ನು ಚರ್ಚಿನಲ್ಲಿ, ಮೀನು ಮಾರುಕಟ್ಟೆಯಲ್ಲಿ, ಎಲ್ಲ ಕಡೆ ಸಾರಿಬಿಟ್ಟಿದ್ದಳು. ಈಗ ಸೆಲ್ಮೊ ಬೇಡವೆಂದರೆ ಹುಡುಗಿಯ ಮುಖ ಎಲ್ಲಿ ಇಟ್ಟುಕೊಳ್ಳುವುದು? ಅವನಿಗೆ ಅದು ನುಂಗಲೂ ಆಗದ ಉಗುಳಲೂ ಆಗದ ಬಿಸಿ ತುಪ್ಪವಾಯಿತು.

ಕೊನೆಗೆ ಅವನೇ ಒಂದು ಉಪಾಯ ಹೇಳಿದ. ಶುಕ್ರವಾರ ಅವಳ ಜೊತೆ ನೀನು ಹೋಗು ಪೆರ್ಲಾ, ನಿನ್ನ ಕೈ ಕಲ್ಲು, ನಿನಗೆ ಯಾರ ಮೇಲೂ ಕನಿಕರ ಇಲ್ಲ. ಹೊಗಳಿದನೋ ಚುಚ್ಚಿದನೋ ತಿಳಿಯಲಿಲ್ಲ, ಆದರೂ ಹೋದೆ. ಸಂಜೆಯ ತಣ್ಣನೆಯ ಹೊತ್ತು, ಎಲೆ ಅಲುಗುತ್ತಿರಲಿಲ್ಲ. ನಾನು ಕೈಗಳನ್ನು ಮಡಿಲಲ್ಲಿ ಜೋಡಿಸಿಕೊಂಡು ಚರ್ಚಿಗೆ ಬಂದವಳ ಹಾಗೆ ಕೂತೆ. ಅವಳು ಸುತ್ತು ಬಂದು ಇಳಿಸಿದಳು. ಚೆನ್ನಾಗಿಯೇ ಇಳಿಸಿದಳು! ನನಗೆ ಎಷ್ಟು ಸಮಾಧಾನವಾಯಿತೆಂದರೆ, ಅಪರೂಪಕ್ಕೆ ಭೇಷ್ ಎಂದೂ ಹೇಳಿಬಿಟ್ಟೆ.

ಅವಳು ನಕ್ಕಳು. "ಕೊನೇಲಿ ಚುಕ್ಕಾಣಿ ತಾನಾಗೇ ಹಗುರ ಆಗತ್ತಲ್ಲ ಮ್ಯಾಮ್, ಅದ್ ನಂಗೆ ತುಂಬಾ ಇಷ್ಟ. ಸೆಲ್ಮೊ ಸರ್ ಜೊತೆ ಹೋದಾಗ್ಲೂ ಹೀಗೇ."

ಇಳಿಯುವಾಗ ಚುಕ್ಕಾಣಿ ಹಗುರವಾಗುವುದಿಲ್ಲ. ವೇಗ ಕಡಿಮೆಯಾಗಿ, ವಿಮಾನದ ಮೂತಿ ಎತ್ತುತ್ತ ಎತ್ತುತ್ತ ಅದು ಭಾರವಾಗುತ್ತದೆ. ಬೇರೆ ಯಾರೋ ಎಳೆಯುತ್ತಿದ್ದರೆ ಮಾತ್ರ ಹಗುರ. ನಾನು ಮಡಿಲ ಕಡೆ ನೋಡಿಕೊಂಡೆ. ಎಡಗೈ ಒಂದೇ ಅಲ್ಲಿತ್ತು. ಬಲಗೈ ಚುಕ್ಕಾಣಿಯಿಂದ ಒಂದು ಗೇಣು ಈಚೆಗೆ ಗಾಳಿಯಲ್ಲಿ ನಿಂತಿತ್ತು. ಅದು ಅಲ್ಲಿಗೆ ಯಾವಾಗ ಹೋಯಿತು? ಹೋಗಿದ್ದು ಅಷ್ಟೇ ದೂರವೋ, ಹೋಗಿ ಮುಟ್ಟಿ ವಾಪಸು ಬಂದಿತ್ತೋ? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ಸ್ವಂತ ಕೈಯನ್ನು ಪ್ರಮಾಣಿಸಿ ನೋಡುವುದು ಹೇಗೆಂದು ಯಾರೂ ಹೇಳಿಕೊಟ್ಟಿಲ್ಲ. ನೆಲ ರೊಯ್ಯನೆ ಮುಖಕ್ಕೆ ಬರುವಾಗ ಎಲ್ಲ ಮೇಷ್ಟ್ರ ಕೈಯೂ ತಾನಾಗಿ ಏಳುತ್ತದೋ ಏನೋ, ನಾನು ಇಷ್ಟು ವರ್ಷ ಗಮನಿಸಿರಲಿಲ್ಲ. ಅಥವಾ ಹುಡುಗಿ ಸುಮ್ಮನೆ ಹಾಗೆ ಭಾವಿಸಿದ್ದಳೋ. ತಲೆಬುಡ ತಿಳಿಯದೆ ಇಳಿದುಬಂದೆ.

ಸೆಲ್ಮೊ ಕಾಯುತ್ತಿದ್ದ. ಹೇಗಾಯಿತು ಎಂದ. ಗೊತ್ತಿಲ್ಲ ಎಂದೆ. ಅವನು ನನ್ನನ್ನು ಬೈಯಲಿಲ್ಲ. ನಾನಾಗಿದ್ದರೆ ಬೈಯುತ್ತಿದ್ದೆ.

ಆಮೇಲೆ ಇಬ್ಬರೂ ಕೂತು ಯೋಚಿಸಿದಷ್ಟೂ ಗೋಜಲೇ ಆಯಿತು. ಅವಳಿಗೆ ಇಳಿಸಲು ಬರುತ್ತದೆಯೇ ಎಂದು ಖಾತ್ರಿಯಾಗಬೇಕಾದರೆ ಅವಳನ್ನು ಒಬ್ಬಳೇ ಕಳಿಸಬೇಕು. ಒಬ್ಬಳೇ ಕಳಿಸಬೇಕಾದರೆ ಇಳಿಸಲು ಬರುತ್ತದೆಂದು ಖಾತ್ರಿಯಾಗಬೇಕು. ಶನಿವಾರ ಬೆಳಿಗ್ಗೆ ನಾನೇ ಅವಳ ಜೊತೆ ಒಂದು ಸುತ್ತು ಹೋಗುತ್ತೇನೆ, ಎರಡೂ ಕೈಯನ್ನು ತೊಡೆಯ ಕೆಳಗೆ ಹಾಕಿ ಅದರ ಮೇಲೆ ಕೂರುತ್ತೇನೆ, ಸರಿಯಾಗಿ ಇಳಿಸಿದರೆ ನಾನು ಇಳಿದು ಅವಳನ್ನು ಕಳಿಸುತ್ತೇನೆ ಎಂದ ಸೆಲ್ಮೊ. ಇಳಿಸದಿದ್ದರೆ ಎಂದು ನಾನು ಕೇಳಲಿಲ್ಲ.

ಶನಿವಾರ ಜೀಪ್ನಿ ತುಂಬ ಬಳಗ ಬಂತು. ಬಾಳೆಎಲೆ ಹೊದಿಸಿದ ಹಂದಿ, ದೊಡ್ಡ ಬಾಣಲೆಯಲ್ಲಿ ಪನ್ಸಿತ್ ಶಾವಿಗೆ, ಕುರ್ಚಿಗಳು, ಕೊಡೆಗಳು. ಒಂದು ಬಕೆಟ್ ನೀರನ್ನೂ ರನ್‌ವೇ ಅಂಚಿಗೆ ತಂದಿಟ್ಟರು, ಒಬ್ಬಂಟಿಯಾಗಿ ಹಾರಿ ಬಂದವರ ತಲೆಗೆ ಸುರಿಯುವುದು ಪದ್ಧತಿ. ಗಾಳಿ ತೋರಿಸುವ ಬಟ್ಟೆಯ ಚೀಲ ಜೋತುಬಿದ್ದಿತ್ತು, ಆದರೆ ಸಮುದ್ರದ ಗಾಳಿ ಏಳುವ ಹೊತ್ತು ದೂರವಿರಲಿಲ್ಲ. ನಾನು ಕೈಯಲ್ಲಿ ವಾಕಿಟಾಕಿ ಹಿಡಿದು ಆ ಚೀಲವನ್ನೇ ನೋಡುತ್ತಿದ್ದೆ. ಲೋಲಾ ಪಾಸಿಂಗ್ ಹಂದಿಯ ಚರ್ಮವನ್ನು ಬೆರಳಿನಲ್ಲಿ ತಟ್ಟಿ ತಟ್ಟಿ ನೋಡುತ್ತಿದ್ದಳು. ತಣ್ಣಗಾದರೆ ಗರಿಗರಿ ಹೋಗುತ್ತದೆ, ಬೇಗ ಹಾರಲು ಹೇಳಮ್ಮಾ ಎಂದು ನನಗೇ ಅವಸರ ಮಾಡಿದಳು.

ಇಬ್ಬರೂ ಮೇಲೇರಿದರು. ಸುತ್ತು ಬಂದರು. ವಿಮಾನ ಗದ್ದೆಯ ಕಡೆಯಿಂದ ತಗ್ಗಿ ಬಂತು, ನೇರವಾಗಿ, ಎಂದಿನ ಹಾಗೆ. ಈಗ ಮೂತಿ ಎತ್ತಬೇಕು ಎಂದುಕೊಂಡೆ. ಎತ್ತಲಿಲ್ಲ. ಈಗ, ಎಂದು ನನ್ನ ಕೈಯೇ ಹಿಂದಕ್ಕೆ ಎಳೆಯಿತು, ಅಷ್ಟು ದೂರದಲ್ಲಿ ನಿಂತು. ಮುಂದಿನ ಗಾಲಿ ಮೊದಲು ನೆಲಕ್ಕೆ ಬಡಿಯಿತು. ವಿಮಾನ ಕಪ್ಪೆಯ ಹಾಗೆ ಮೇಲಕ್ಕೆ ನೆಗೆದು, ಮತ್ತೆ ಬಡಿದು, ಮೊದಲಿಗಿಂತ ಎತ್ತರಕ್ಕೆ ನೆಗೆಯಿತು. ಬಳಗದವರು ಚಪ್ಪಾಳೆ ತಟ್ಟಿದರು. ಇದೂ ಒಂದು ವಿದ್ಯೆ ಎಂದು ತಿಳಿದಿದ್ದರು ಪಾಪ. ಮೂರನೆಯ ಸಲ ಬಡಿದರೆ ಮುಂದಿನ ಗಾಲಿ ಮುರಿದು, ಮೂತಿಯ ಪಂಖ ನೆಲಕ್ಕೆ ತಗುಲಿ, ವಿಮಾನ ಮಗುಚುತ್ತದೆ. ಅಷ್ಟರಲ್ಲಿ ಇಂಜಿನ್ ಆರ್ಭಟಿಸಿತು. ವಿಮಾನ ತೂರಾಡುತ್ತ ನಮ್ಮ ಕೊಡೆಗಳ ಮೇಲಿಂದ ಹಾದು ಮೇಲೇರಿ ಹೋಯಿತು.

ಒಳಗೆ ನಡೆದದ್ದನ್ನು ಸೆಲ್ಮೊ ಆಮೇಲೆ ಹೇಳಿದ. ಮೊದಲ ಏಟಿಗೇ ಲೀಜೆಲ್ ಎರಡೂ ಕೈ ಬಿಟ್ಟು ಅವನ ಕಡೆ ತಿರುಗಿದಳಂತೆ. ಹೆದರಿಕೆಗಿಂತ ಆಶ್ಚರ್ಯವೇ ಹೆಚ್ಚಾಗಿತ್ತಂತೆ ಅವಳ ಮುಖದಲ್ಲಿ. ಸರ್, ವಿಮಾನ ಕೆಟ್ಟಿದೆಯಾ ಎಂದು ಕೇಳಿದಳಂತೆ. ಅವಳು ಇಳಿಸುವ ವಿಮಾನ ಹಿಂದೆಂದೂ ನೆಗೆದಿರಲಿಲ್ಲ, ನೆಗೆದರೆ ಏನು ಮಾಡಬೇಕೆಂದು ಕಲಿಯುವ ಸಂದರ್ಭವೇ ಬಂದಿರಲಿಲ್ಲ. ಸೆಲ್ಮೊನ ಕೈಗಳು ತೊಡೆಯ ಕೆಳಗೆ ಜೋಮು ಹಿಡಿದಿದ್ದವು. ಎಳೆದುಕೊಂಡು, ಇಂಜಿನ್ನಿಗೆ ಬಲ ಕೊಡುವ ಥ್ರಾಟಲ್ ನೂಕುವಷ್ಟರಲ್ಲಿ ಎರಡನೆಯ ಏಟು ಬಿದ್ದಾಗಿತ್ತು.

ಇನ್ನೊಂದು ಸುತ್ತು ಬಂದು ವಿಮಾನ ಇಳಿಯಿತು, ಮೃದುವಾಗಿ. ಈ ಸಲ ಇಳಿಸಿದವರು ಯಾರೆಂದು ನನಗೆ ಸಂಶಯವಿರಲಿಲ್ಲ. ಅದು ಉರುಳುತ್ತ ಬಂದು ನಮ್ಮೆದುರು ನಿಂತಿತು, ಪಂಖ ತಿರುಗುತ್ತಲೇ ಇತ್ತು. ಸೋಲೊ ಕಳಿಸುವುದು ಹೀಗೇ: ಇಂಜಿನ್ ನಿಲ್ಲಿಸುವುದಿಲ್ಲ, ಮೇಷ್ಟ್ರು ಬಾಗಿಲು ತೆರೆದು ಇಳಿಯುತ್ತಾರೆ, ಬಾಗಿಲು ಮುಚ್ಚುತ್ತಾರೆ, ಶಿಷ್ಯೆ ಹೋಗುತ್ತಾಳೆ. ಬಲಗಡೆಯ ಬಾಗಿಲು ತೆರೆಯಿತು. ಸೆಲ್ಮೊ ಇಳಿದ. ಬಳಗವೆಲ್ಲ ಹೋ ಎಂದು ಎದ್ದು ನಿಂತಿತು, ಫೋನುಗಳು ಮೇಲೆದ್ದವು.

ಕಳಿಸಿಬಿಡುತ್ತಾನೆ ಎಂದುಕೊಂಡೆ. ಇಷ್ಟು ಜನರೆದುರು ಒಂದು ಹೆಣ್ಣುಮಗಳ ಮುಖ ಸಣ್ಣದು ಮಾಡಲಾರ ಇವನು, ಅದಕ್ಕಿಂತ ಕಳಿಸಿ, ದೇವರ ಮೇಲೆ ಭಾರ ಹಾಕಿ, ಆಕಾಶ ನೋಡುತ್ತ ನಿಲ್ಲುತ್ತಾನೆ. ವಾಕಿಟಾಕಿಯನ್ನು ಬಾಯಿಗೆ ಹಿಡಿದೆ, ಹೋಗಬೇಡ ಎಂದು ಅವಳಿಗೆ ನಾನೇ ಹೇಳುವವಳಿದ್ದೆ. ಅವನು ಬಾಗಿಲ ಮೇಲೆ ಕೈಯಿಟ್ಟು ನಿಂತೇ ಇದ್ದ. ಚೀಲ ನಿಧಾನಕ್ಕೆ ಗಾಳಿ ತುಂಬಿಕೊಳ್ಳುತ್ತಿತ್ತು. ಆಮೇಲೆ ಅವನು ಒಳಗೆ ಬಗ್ಗಿ ಇಂಜಿನ್ ಆರಿಸಿದ, ಪಂಖ ತಡವರಿಸುತ್ತ ನಿಂತುಬಿಟ್ಟಿತು.

ಅವನು ಬಳಗದ ಮುಂದೆ ಬಂದ. ಜೀವಮಾನದಲ್ಲಿ ಅಷ್ಟು ಜೋರಾಗಿ ಅವನು ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ಇವತ್ತು ಲೀಜೆಲ್ ಹಾರಲ್ಲ. ಅವಳಿಗೆ ಇಳ್ಸೋಕ್ ಬರಲ್ಲ. ಅವಳ ತಪ್ಪಲ್ಲ ಇದು, ನಾನು ಕಲ್ಸೇ ಇಲ್ಲ. ಇಷ್ಟ್ ದಿನ ಇಳ್ಸ್‌ತಿದ್ದದ್ದು ನಾನು. ಅದು ನಂಗೂ ಗೊತ್ತಿರ್ಲಿಲ್ಲ."

ಯಾರಿಗೂ ಏನೂ ಅರ್ಥವಾಗಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಈಗಷ್ಟೇ ಹಾರಿ ಬಂದಳಲ್ಲ, ಇನ್ನೇನು ಹಾರುವುದು ಎಂದು ಯಾರೋ ಕೇಳಿದರು. ಲೀಜೆಲ್ ವಿಮಾನದಿಂದ ಇಳಿದು ರೆಕ್ಕೆಯ ಕೆಳಗೆ ನಿಂತಿದ್ದಳು. ಮುಖ ಕೆಂಪಾಗಿತ್ತು. ಹಾಗಾದರೆ ನಾನು ಇಷ್ಟು ದಿನ ಏನು ಮಾಡುತ್ತಿದ್ದೆ ಎಂದು ಅವಳು ಸೆಲ್ಮೊನನ್ನು ಕೇಳಿದಳು. ಅವನು ತನ್ನ ಕೈಗಳನ್ನು ನೋಡಿಕೊಂಡ. ಅವಳು ನನ್ನ ಕಡೆ ನೋಡಿದಳು. ಶುಕ್ರವಾರದ ನನ್ನ ಭೇಷ್ ನೆನಪಾಗಿ ನಾನು ಗದ್ದೆಯ ಕಡೆ ನೋಡಿದೆ.

ಲೋಲಾ ಪಾಸಿಂಗ್‌ಗೆ ಇದಾವುದೂ ಹಿಡಿಸಲಿಲ್ಲ. "ಈಗ ಈ ನೀರ್‌ನ ಯಾರ್ ತಲೆಗ್ ಹಾಕೋದು?" ಎಂದಳು.

ಲೀಜೆಲ್ ನೇರ ನಡೆದು ಬಂದು ಬಕೆಟ್ ಎತ್ತಿದಳು. ತನ್ನ ತಲೆಗೇ ಸುರಿದುಕೊಳ್ಳುತ್ತಾಳೇನೋ ಎಂದುಕೊಂಡೆ. ಅವಳು ಹೋಗಿ ಅದನ್ನು ಪೂರ್ತಿಯಾಗಿ ಸೆಲ್ಮೊನ ತಲೆಯ ಮೇಲೆ ಬೋರಲು ಹಾಕಿದಳು.

"ಇಷ್ಟ್ ದಿನ ಒಬ್ರೇ ಹಾರ್ಸ್‌ತಿದ್ದೋರು ನೀವೇ ಅಲ್ವಾ ಸರ್," ಎಂದಳು. "ಸೋಮವಾರ ಬರ್ತೀನಿ. ಕೈ ಮನೇಲ್ ಬಿಟ್ಟು ಬನ್ನಿ."

ಜನ ನಕ್ಕರು. ನಗಬಹುದೆಂದು ಗೊತ್ತಾದ ಮೇಲೆ ಇನ್ನೂ ಜೋರಾಗಿ ನಕ್ಕರು, ಯಾರೋ ಹಂದಿಗೆ ಕತ್ತಿ ಹಾಕಿದರು, ಚರ್ಮ ಚಟಚಟ ಎಂದಿತು. ಸೆಲ್ಮೊ ತಲೆಯಿಂದ ನೀರು ಸೋರಿಸುತ್ತ ನಿಂತಲ್ಲೇ ನಿಂತಿದ್ದ. ನಾನು ಒಂದು ಒಗೆದ ಬಟ್ಟೆ ತೆಗೆದುಕೊಂಡು ಹೋದೆ. ಅವನು ಅದನ್ನು ಕೈಯಲ್ಲಿ ಹಿಡಿದ, ಒರೆಸಿಕೊಳ್ಳಲಿಲ್ಲ.

"ಪೆರ್ಲಾ, ಹಾಗಾದ್ರೆ ಮಿಕ್ಕೋರು?"

"ಯಾವ ಮಿಕ್ಕೋರು?"

"ಇಷ್ಟ್ ವರ್ಷ ಇಲ್ಲಿಂದ ಒಬ್ಬೊಬ್ರನ್ನೇ ಕಳ್ಸಿದ್ನಲ್ಲ. ಅವ್ರೆಲ್ಲ ಹೆಂಗ್ ಇಳಿದ್ರು?"

ಅವರಲ್ಲಿ ಕೆಲವರು ಈಗ ದೊಡ್ಡ ವಿಮಾನಗಳಲ್ಲಿ ನೂರಾರು ಜನರನ್ನು ಕೂರಿಸಿಕೊಂಡು ಹಾರುತ್ತಾರೆ. ಕ್ರಿಸ್ಮಸ್ಸಿಗೆ ಅವನಿಗೆ ತಪ್ಪದೆ ಫೋನ್ ಮಾಡುತ್ತಾರೆ, ನೀವೇ ಕಲಿಸಿದ್ದು ಸರ್ ಎನ್ನುತ್ತಾರೆ. ನಾನು ಒಬ್ಬೊಬ್ಬರನ್ನೇ ನೆನಪಿಸಿಕೊಳ್ಳಲು ನೋಡಿದೆ. ನನ್ನ ಕೈಯಲ್ಲಿ ಕಲಿತವರೂ ನೆನಪಿಗೆ ಬಂದರು, ಆಗ ನಿಲ್ಲಿಸಿಬಿಟ್ಟೆ.

"ಆವತ್ತೆಲ್ಲ ಗಾಳಿ ಇರ್ಲಿಲ್ಲ ಅಂತ ಕಾಣತ್ತೆ ಕುಯಾ," ಎಂದೆ, ಅವನ ಮುಖ ಸಣ್ಣದಾಗುವುದನ್ನು ನೋಡಲಾರದೆ.